ಒಂದು ಪುಟ ಮೀರದಂತೆ

ನಂಜುಂಡಪ್ಪನವರು ಬೆರಳನ್ನು ನಾಲಿಗೆಗೆ ಒತ್ತಿ ಪತ್ರಿಕೆಯ ಹಾಳೆ ತಿರುವಿದಾಗಲೆಲ್ಲ ಪಂಕಜಾಕ್ಷಿಯ ಬಾಯಲ್ಲಿ ಎಂಜಲು ಬೆರೆತ ಶಾಯಿಯ ರುಚಿ ಹುಟ್ಟುತ್ತಿತ್ತು. ಹನ್ನೊಂದು ವರ್ಷದಿಂದ ಅವಳು ದಿನಾ ಕಡೂರಿನಿಂದ ಬಂದು ಹಿರೇನಲ್ಲೂರಿನ ಪಂಚಾಯಿತಿ ಲೈಬ್ರರಿಯನ್ನು ನೋಡಿಕೊಳ್ಳುತ್ತಿದ್ದಳು. ಹನ್ನೊಂದು ವರ್ಷದಿಂದ ಈ ನಿವೃತ್ತ ಮೇಷ್ಟ್ರು ಅದೇ ಕುರ್ಚಿಯಲ್ಲಿ ಕೂತು ಅದೇ ಬೆರಳು ನೆಕ್ಕಿ ಮೂರು ಪತ್ರಿಕೆ ಮುಗಿಸುತ್ತಿದ್ದರು. ಇವತ್ತು ಮಾತ್ರ ನೋಡಲಾಗದೆ ಮುಖ ತಿರುಗಿಸಿದಳು. ತಿರುಗಿಸಿದರೆ ಮೇಜಿನ ಮೇಲೆ ಮೊಬೈಲು, ಮೊಬೈಲಿನಲ್ಲಿ ಮೇಧಾ ಮೇಡಂ ಅವರ ಇ-ಮೇಲು. ಹತ್ತು ದಿನದಿಂದ ಓದಿ ಓದಿ ಬಾಯಿಪಾಠವಾಗಿತ್ತು. ‘ನಿಮ್ಮ ಕಾದಂಬರಿಯ ಹದಿನಾಲ್ಕನೇ ಅಧ್ಯಾಯ ತುಂಬ ಇಷ್ಟವಾಯಿತು. ಪ್ರಕಾಶಕರಿಗೆ ತೋರಿಸುವ ಮೊದಲು ನೀವೇ ಬರೆದ ಒಂದು ಪರಿಚಯ ಪತ್ರ ಬೇಕು. ಒಂದು ಪುಟ ಮೀರದಂತಿರಲಿ. ನೀವು ಯಾರು, ಪುಸ್ತಕ ಯಾವುದರ ಬಗ್ಗೆ, ಇದನ್ನು ನೀವೇ ಯಾಕೆ ಬರೆಯಬೇಕಿತ್ತು, ಬೇರೆ ಯಾರೂ ಯಾಕೆ ಬರೆಯಲಾರರು ಎಂಬುದನ್ನು ಸಂಕೋಚವಿಲ್ಲದೆ ಹೇಳಿ. ನಿಜವಾದ ವ್ಯಕ್ತಿಗಳ ಕತೆಯಾದರೆ ಮನೆಯವರ ಒಪ್ಪಿಗೆ ಇದೆಯೆಂದೂ ತಿಳಿಸಿ. ಭಾನುವಾರದೊಳಗೆ ಕಳಿಸಿ.’ ಅವತ್ತು ಶನಿವಾರ.

‘ನಾನು ಕಡೂರಿನ ಒಬ್ಬ ಸಾಮಾನ್ಯ ಗೃಹಿಣಿ’ ಎಂದು ಬರೆದಿದ್ದಳು ಮೊದಲ ದಿನ. ಸಾಮಾನ್ಯ ಎಂದು ಯಾರಾದರೂ ತಮ್ಮನ್ನು ಕರೆದುಕೊಂಡರೆ ಅದು ಅಸಾಮಾನ್ಯ ಎಂದು ಕರೆಸಿಕೊಳ್ಳುವ ಉಪಾಯ ಎಂದು ತಕ್ಷಣ ಹೊಳೆದು ಅಳಿಸಿದಳು. ‘ಹಳ್ಳಿಯ ಲೈಬ್ರರಿಯಲ್ಲಿ ಪುಸ್ತಕದ ಧೂಳು ಒರೆಸುತ್ತ ಬರೆಯಲು ಕಲಿತವಳು’ ಎಂದು ಎರಡನೇ ದಿನ ಬರೆದಳು. ಧೂಳು ಒರೆಸಿದ್ದು ನಿಜ. ಆದರೆ ಆ ವಾಕ್ಯದಲ್ಲಿ ಧೂಳು ಒಂದು ಬಗೆಯ ಮುಖದ ಪೌಡರಿನಂತೆ ಕಾಣಿಸಿತು. ಮೂರನೇ ದಿನ ‘ಅತ್ತೆಯ ಸೇವೆ’ ಎಂದು ಟೈಪು ಮಾಡಿ, ಸೇವೆ ಎಂಬ ಮಾತಿನ ಮುಂದೆ ಕೂತು, ಎದ್ದುಹೋಗಿ ಮುಖ ತೊಳೆದುಕೊಂಡು ಬಂದಳು. ಗಂಡ ರಾಜಶೇಖರ ಅವಳ ಒದ್ದಾಟ ನೋಡಿ, “ಏಜೆಂಟು ಅಂದ್ರೆ ಇನ್ಶೂರೆನ್ಸ್ ಏಜೆಂಟ್ ತರಾನಾ?” ಎಂದು ಕೇಳಿದ್ದ. ಲೇಖಕರ ಪುಸ್ತಕಗಳನ್ನು ದೊಡ್ಡ ಪ್ರಕಾಶಕರಿಗೆ, ಇಂಗ್ಲಿಷ್ ಅನುವಾದಕ್ಕೆ ದಾಟಿಸುವವರು, ಬೆಂಗಳೂರಿನವರು ಎಂದು ಅವಳು ವಿವರಿಸಿದಾಗ, “ಹಂಗಾರೆ ದಲ್ಲಾಳಿ ಅನ್ನು” ಎಂದು ನಕ್ಕು ಅಂಗಡಿಗೆ ಹೊರಟುಹೋಗಿದ್ದ. ಕಡೂರಿನಲ್ಲಿ ಅವನದು ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ಕೆಲಸ. ಅವನ ಕೈಗೆ ಸದಾ ವಾರ್ನಿಷ್ ವಾಸನೆ. ಅವನು ಅವಳ ಕಾದಂಬರಿಯ ಒಂದು ಪುಟವನ್ನೂ ಓದಿರಲಿಲ್ಲ; ಓದು ಎಂದು ಅವಳೂ ಕೊಟ್ಟಿರಲಿಲ್ಲ.

ಮೇಧಾ ಮೇಡಂ ಸಿಕ್ಕಿದ್ದು ತರೀಕೆರೆಯಲ್ಲಿ, ಎರಡು ದಿನದ ಒಂದು ಕಥಾ ಕಮ್ಮಟದಲ್ಲಿ. ಊಟದ ಹೊತ್ತಿನಲ್ಲಿ ಪಂಕಜಾಕ್ಷಿ ಇನ್ನೂರು ಹಾಳೆಯ ಕಟ್ಟನ್ನು ಎದೆಗವಚಿಕೊಂಡು ಅವರ ಮುಂದೆ ನಿಂತಿದ್ದಳು. ಅವರು ಬೇರೆ ಯಾರೊಡನೆಯೋ ಮಾತಾಡುತ್ತ ಒಬ್ಬಟ್ಟು ಮುರಿಯುತ್ತಿದ್ದರು. ಎರಡು ಸಲ “ಮೇಡಂ” ಎಂದಮೇಲೆ ತಿರುಗಿ, ಕಟ್ಟನ್ನು ನೋಡಿ, “ಅಯ್ಯೋ, ಪೇಪರ್ ಹೊರೋಕಾಗಲ್ಲಮ್ಮ, ಮೇಲ್ ಮಾಡಿ” ಎಂದಿದ್ದರು. ಅಲ್ಲೇ ಕೈತೊಳೆಯುವ ತೊಟ್ಟಿಯ ಪಕ್ಕ ನಿಂತು ಅವಳು ತನ್ನ ಕಟ್ಟನ್ನು ಮತ್ತೆ ಚೀಲಕ್ಕೆ ತುರುಕಿದ್ದಳು. ಮೇಲಿನ ಹಾಳೆಗೆ ಯಾರದೋ ಕೈಯ ನೀರು ಸಿಡಿದಿತ್ತು. ಆದರೆ ಮಧ್ಯಾಹ್ನ ಎಲ್ಲರೂ ಐದೈದು ನಿಮಿಷ ಓದಬೇಕೆಂದಾಗ ಅವಳು ಹದಿನಾಲ್ಕನೇ ಅಧ್ಯಾಯ ಓದಿದಳು. ಹಾಸಿಗೆ ಹಿಡಿದ ಅತ್ತೆ ಕರೆಯುತ್ತಾಳೆ. ಸೊಸೆ ರೊಟ್ಟಿ ಹಿಟ್ಟು ಮೆತ್ತಿದ ಕೈಯಲ್ಲೇ ಓಡಿಬರುತ್ತಾಳೆ. ಮಲಿನವಾದ ಮೈಯನ್ನು ಬಿಸಿನೀರಿನಲ್ಲಿ ಒರೆಸುತ್ತಾಳೆ. ಅತ್ತೆ ಮಾತು ಹೊರಡದೆ, ಆಡುವ ಒಂದೇ ಕೈಯಿಂದ ಸೊಸೆಯ ಕೆನ್ನೆ ಮುಟ್ಟುತ್ತಾಳೆ, ಕೆನ್ನೆಗೆ ಅಂಟಿದ್ದ ಹಿಟ್ಟು ಒರೆಸುತ್ತಾಳೆ. ಸಭೆಯಲ್ಲಿ ಯಾರೋ ಮೂಗೆಳೆದುಕೊಂಡರು. ಹೆಂಗಸೊಬ್ಬಳು ಬಂದು ತಬ್ಬಿಕೊಂಡಳು. ಮೇಧಾ ಮೇಡಂ ದೂರದಿಂದಲೇ ಎರಡೂ ಕೈ ಎದೆಗಿಟ್ಟು ತಲೆ ಬಾಗಿಸಿದರು. ಆ ಹೊತ್ತು ತನ್ನೊಳಗೆ ಉಕ್ಕಿದ ಸಂತೋಷವನ್ನು ನೆನೆದರೆ ಪಂಕಜಾಕ್ಷಿಗೆ ಈಗಲೂ ತನ್ನ ಮೇಲೇ ಹೇಸಿಗೆ.

ಯಾಕೆಂದರೆ ಅತ್ತೆ ನಿಜವಾಗಿ ಕರೆದ ದಿನ ಅವಳು ಓಡಿಬಂದಿರಲಿಲ್ಲ. ಅತ್ತೆ ತೀರ್ಥಮ್ಮನಿಗೆ ಲಕ್ವ ಹೊಡೆದು ಬಲಗಡೆಯೆಲ್ಲ ಬಿದ್ದುಹೋಗಿ ವರ್ಷವಾಗಿತ್ತು. ಬಾಯಲ್ಲಿ ಹೊರಡುತ್ತಿದ್ದದ್ದು ಒಂದೆರಡು ಮಾತು. ಅದರಲ್ಲಿ ‘ಪಂಕಾ’ ಒಂದು. ನಡುಮನೆಯ ಪಕ್ಕದ ಕೋಣೆಯಲ್ಲಿ ಮಂಚ, ಹಿಂದೆ ಅಡುಗೆಮನೆ, ಅಡುಗೆಮನೆಯ ಮೂಲೆಯಲ್ಲಿ ಅಕ್ಕಿ ಡಬ್ಬಿಯ ಮೇಲೆ ನೋಟ್‌ಬುಕ್ಕು. ಲೈಬ್ರರಿಗೆ ರಜೆಯಿದ್ದ ಸೋಮವಾರ ಮಧ್ಯಾಹ್ನ, ವಾರಕ್ಕೊಮ್ಮೆ ಸಿಗುವ ಎರಡು ಗಂಟೆ. ಅವತ್ತು ಬರೆಯುತ್ತಿದ್ದದ್ದೂ ಅತ್ತೆಯ ಬಗ್ಗೆಯೇ: ಅವರು ಪಂಚನಹಳ್ಳಿಯಿಂದ ಮದುವೆಯಾಗಿ ಬಂದ ಹೊಸತರಲ್ಲಿ, ಮಾವ ಮಲ್ಲಿಕಾರ್ಜುನಪ್ಪನವರು ಸೈಕಲ್ಲಿನಿಂದ ಬಿದ್ದಾಗ, ಸೆರಗು ಬಾಯಿಗಿಟ್ಟುಕೊಂಡು ನಕ್ಕ ನಗು. ಆ ನಗು ಅವಳ ಕೈಗೆ ಸಿಕ್ಕಿತ್ತು, ಹಾಳೆಯ ಮೇಲೆ ಅದು ಉಸಿರಾಡತೊಡಗಿತ್ತು. ಆಗ ‘ಪಂಕಾ’ ಎಂದು ಕೇಳಿಸಿತು. ಸ್ಪಷ್ಟವಾಗಿ ಕೇಳಿಸಿತು. ಈ ವಾಕ್ಯ ಮುಗಿಯಲಿ ಎಂದುಕೊಂಡಳು. ಎರಡನೇ ಸಲ ಕೇಳಿಸಿತು. ಜೊತೆಗೆ ವಾಸನೆಯೂ ಬಂತು. ಆಗಲೇ ಆಗಿಹೋಗಿದೆಯಲ್ಲ, ಇನ್ನು ಹತ್ತು ನಿಮಿಷದಲ್ಲಿ ಏನು ವ್ಯತ್ಯಾಸ ಎಂದು ತನಗೆ ತಾನೇ ಹೇಳಿಕೊಂಡದ್ದು ಅಕ್ಷರ ಅಕ್ಷರವಾಗಿ ನೆನಪಿದೆ. ಆಮೇಲೆ ಸದ್ದಿಲ್ಲ. ಅವಳು ಎದ್ದಾಗ ಐದೂವರೆ. ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಎಡಗೈಯಿಂದ ತಾವೇ ಒರೆಸಿಕೊಳ್ಳಲು ನೋಡಿ, ಆ ಕೈಯನ್ನು ಗೋಡೆಗೆ ಒರೆಸಿದ್ದರು. ಒಣಗಿ ಹೋಗಿತ್ತು. ಪಂಕಜಾಕ್ಷಿ ಬಿಸಿನೀರು ತಂದಳು, ಒರೆಸಿದಳು, ಗೋಡೆಯನ್ನು ಫಿನಾಯಿಲ್ ಹಾಕಿ ಉಜ್ಜಿದಳು. ಅತ್ತೆ ಅವಳ ಕೆನ್ನೆ ಮುಟ್ಟಲಿಲ್ಲ. ಕಣ್ಣನ್ನೂ ತೆರೆಯಲಿಲ್ಲ. ಅದಾದಮೇಲೆ ಹತ್ತು ತಿಂಗಳು ಬದುಕಿದ್ದರು. ಆ ಹತ್ತು ತಿಂಗಳಲ್ಲಿ ಒಂದು ಸಲವೂ ಅವರು ಯಾರನ್ನೂ ಕರೆಯಲಿಲ್ಲ. ಬಂದಾಗ ಬಂದಾರು ಎಂದು ಬಾಗಿಲು ನೋಡುತ್ತ ತುಟಿ ಕಚ್ಚಿ ಮಲಗಿರುತ್ತಿದ್ದರು. ತೀರಿಕೊಂಡು ಈಗ ಮೂರು ವರ್ಷ. ಕಾದಂಬರಿಯಲ್ಲಿ ಈ ಹತ್ತು ತಿಂಗಳಿಲ್ಲ.

ಹನ್ನೊಂದು ಗಂಟೆಗೆ ಮಗಳು ಕೃತಿಕಾ ಶಿವಮೊಗ್ಗದ ಹಾಸ್ಟೆಲಿನಿಂದ ಫೋನು ಮಾಡಿದಳು. “ಅಮ್ಮ, ನಿನ್ ಲೆಟರ್ ರೆಡಿ. ಎಐಗೆ ಹಾಕಿ ನಾನೇ ತಿದ್ದಿದೀನಿ, ವಾಟ್ಸಾಪ್ ನೋಡು.” ಪಂಕಜಾಕ್ಷಿ ನೋಡಿದಳು. ‘ಸತತ ಎರಡು ವರ್ಷಗಳ ಕಾಲ ತಾಯಿಗಿಂತ ಮಿಗಿಲಾದ ಮಮತೆಯಿಂದ ಅತ್ತೆಯನ್ನು ಆರೈಕೆ ಮಾಡಿದ ಲೇಖಕಿ, ಪ್ರತಿ ಕರೆಗೂ ಓಗೊಟ್ಟ ತಮ್ಮ ಅನುಭವವನ್ನು ಹೃದಯಸ್ಪರ್ಶಿಯಾಗಿ...’ ಪ್ರತಿ ಕರೆಗೂ. ಮೊಬೈಲಿಗೆ ಹೇಗೆ ಗೊತ್ತಾಯಿತು, ಮುಟ್ಟಬಾರದ ಜಾಗವನ್ನೇ ಹುಡುಕಿ ಬೆರಳಿಟ್ಟಿದೆಯಲ್ಲ ಎನ್ನಿಸಿತು. “ಚೆನ್ನಾಗೈತಾ?” ಮಗಳು ಕೇಳಿದಳು. “ಚೆನ್ನಾಗೈತೆ ಕಣೇ, ತೀರಾ ಚೆನ್ನಾಗೈತೆ.” “ಮತ್ತೆ ಕಳ್ಸು. ಹಿಂಗೆ ಯೋಚ್ನೆ ಮಾಡ್ಕಂತ ಕೂತ್ರೆ ಯಾರೂ ಕಾಯಲ್ಲ.” ಫೋನಿಟ್ಟ ಮೇಲೆ ನಂಜುಂಡಪ್ಪನವರು ಹಾಳೆಯ ಮೇಲಿಂದ ಕಣ್ಣೆತ್ತಿ, “ಪುಸ್ತಕ ಬರ್ತದಂತೆ? ಶುಭವಾಗ್ಲಿ ಕಣಮ್ಮ. ನಿಮ್ಮಂಥ ಸೊಸೆ ಸಿಗೋಕೆ ಪುಣ್ಯ ಮಾಡಿರಬೇಕು” ಎಂದರು. ಹಾಗೆಂದು ಬೆರಳು ನೆಕ್ಕಿದರು.

ಮಧ್ಯಾಹ್ನಕ್ಕೆ ಅರ್ಧ ದಿನದ ರಜೆ ಬರೆದಿಟ್ಟು ಅವಳು ಅಜ್ಜಂಪುರಕ್ಕೆ ಹೊರಟಳು. ಒಪ್ಪಿಗೆ ಕೊಡಬೇಕಾದ ಮನೆಯವರೆಂದರೆ ಅಲ್ಲಿರುವ ನಾದಿನಿ ಶಶಿಕಲಾ, ಗಂಡನ ಅಕ್ಕ. ಎಲ್ಲರ ಬಾಯಲ್ಲೂ ಶಶಕ್ಕ. ಗಂಡನ ಒಪ್ಪಿಗೆ ಕೇಳುವುದನ್ನು ಅವಳು ಯಾಕೋ ಮುಂದಕ್ಕೆ ಹಾಕುತ್ತಲೇ ಬಂದಿದ್ದಳು. ಕಡೂರಿನಲ್ಲಿ ಬಸ್ಸು ಬದಲಾಯಿಸಿ, ಆಧಾರ್ ತೋರಿಸಿ ಸೊನ್ನೆಯ ಟಿಕೆಟ್ಟು ಹರಿಸಿಕೊಂಡು ಕಿಟಕಿಯ ಪಕ್ಕ ಕೂತಳು. ಮುಂದಿನ ಸೀಟಿನಲ್ಲಿ ಯಾರೋ ವಾಂತಿ ಮಾಡಿ ಅದರ ಮೇಲೆ ಮಣ್ಣು ಸುರಿದಿದ್ದರು. ಆ ವಾಸನೆಗೆ ಎಲ್ಲರೂ ಮೂಗು ಮುಚ್ಚಿಕೊಂಡರೆ ಅವಳು ಮುಚ್ಚಿಕೊಳ್ಳಲಿಲ್ಲ. ಅತ್ತೆಯ ಕೋಣೆಯಲ್ಲೂ ಮೊದಮೊದಲು ಮೂಗಿಗೆ ಸೆರಗು ಕಟ್ಟಿಕೊಳ್ಳುತ್ತಿದ್ದಳು. ಒಂದು ದಿನ ಅತ್ತೆ ಅದನ್ನೇ ದಿಟ್ಟಿಸುತ್ತಿರುವುದು ಕಂಡು ಬಿಚ್ಚಿದ್ದಳು. ಊಟಕ್ಕೆ ಕೂತರೆ ಬೆರಳ ಸಂದಿಯಲ್ಲಿ ಆ ವಾಸನೆ ಇರುತ್ತಿತ್ತು. ಅದೆಲ್ಲ ಕಾದಂಬರಿಯಲ್ಲಿದೆ. ಅಸಹ್ಯವನ್ನು ಅವಳು ಧಾರಾಳವಾಗಿ ಬರೆದಿದ್ದಾಳೆ, ಯಾಕೆಂದರೆ ಆ ಅಸಹ್ಯವನ್ನೆಲ್ಲ ಗೆದ್ದ ಸೊಸೆ ಅದರಲ್ಲಿ ಇನ್ನಷ್ಟು ದೊಡ್ಡವಳಾಗುತ್ತಾಳೆ.

ಶಶಕ್ಕ ಹಜಾರದಲ್ಲಿ ಕಾಲು ಚಾಚಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಕೈತುಂಬ ಕಂದು ಅಂಟು. “ಏನ್ ಪಂಕಜ, ಹೇಳ್ದೆ ಕೇಳ್ದೆ ಬಂದ್ಬಿಟ್ಟೆ?” ಎಂದು ಮೊಣಕೈಯಿಂದಲೇ ಚಾಪೆ ಸರಿಸಿದಳು. ಪಂಕಜಾಕ್ಷಿ ವಿಷಯ ಹೇಳಿದಳು.

“ನಮ್ಮವ್ವನ ಕತೇನಾ? ಅದ್ರಾಗೇನೈತೆ ಬರಿಯೋಕೆ?” ಎಂದು ಶಶಕ್ಕ ಸ್ವಲ್ಪ ಹೊತ್ತು ಬೀಜ ಬಿಡಿಸಿದಳು. ಆಮೇಲೆ ತಲೆಯೆತ್ತದೆ, “ಅದ್ರಾಗೆ ನಾನಿದೀನಾ?”

“ಹೆಸ್ರು ಬೇರೆ ಶಶಕ್ಕ. ಮಗಳು ಅಂತ ಒಬ್ಳು ಬತ್ತಾಳೆ.”

“ನೋಡೋಕೆ ಬತ್ತಾಳಾ?”

“ಬತ್ತಾಳೆ.”

“ಎಷ್ಟು ಸಲ?”

ಪಂಕಜಾಕ್ಷಿ ಸುಳ್ಳು ಹೇಳಲಾರದೆ, “ಎರಡು ಸಲ” ಎಂದಳು. ಎರಡು ವರ್ಷದಲ್ಲಿ ಶಶಕ್ಕ ಬಂದದ್ದೂ ಎರಡೇ ಸಲ.

“ನಾಕು ಮಾಡು” ಎಂದಳು ಶಶಕ್ಕ. “ಕತೆ ತಾನೆ? ಯಾರು ಲೆಕ್ಕ ಇಟ್ಟಿರ್ತಾರೆ? ಆಗ ನನ್ ಮಂಡಿನೋವು ಎಂಗಿತ್ತು ಅಂತ ನಿನಗೂ ಗೊತ್ತು.”

“ಮಾಡ್ತೀನಿ” ಎಂದಳು ಪಂಕಜಾಕ್ಷಿ. ಅಷ್ಟು ಸಲೀಸಾಗಿ ಹಾಗೆಂದದ್ದಕ್ಕೆ ಅವಳಿಗೇ ಗಾಬರಿಯಾಯಿತು. ಸೊಸೆಯನ್ನು ಓಡಿಬರುವಂತೆ ಮಾಡಿದವಳಿಗೆ ಮಗಳನ್ನು ಇನ್ನೆರಡು ಸಲ ಬಸ್ಸು ಹತ್ತಿಸುವುದು ಯಾವ ಕಷ್ಟ? ಶಶಕ್ಕ ಸೆರಗಿಗೆ ಕೈ ಒರೆಸಿ ಒಪ್ಪಿಗೆಯ ಹಾಳೆಗೆ ಸಹಿ ಹಾಕಿದಳು. ಸಹಿಯ ಪಕ್ಕ ಹೆಬ್ಬೆರಳಿನ ಕಂದು ಗುರುತು ಬಿತ್ತು. “ನೀನು ನೋಡ್ಕಂಡಂಗೆ ಹೆತ್ತ ಮಕ್ಳೂ ನೋಡ್ಕಣಲ್ಲ ಬಿಡು” ಎಂದಳು. ಆ ಮಾತನ್ನು ಪಂಕಜಾಕ್ಷಿಗೆ ಕೇಳಿಸಿಕೊಂಡಿರಲಾಗಲಿಲ್ಲ. ಅವತ್ತಿನದನ್ನು ಹೇಳಿಬಿಟ್ಟಳು. ಎರಡು ಸಲ ಕರೆದದ್ದು, ಕೇಳಿಸಿದ್ದು, ವಾಕ್ಯ ಮುಗಿಯಲಿ ಎಂದುಕೊಂಡದ್ದು, ಗೋಡೆ. ಇಷ್ಟು ವರ್ಷದಲ್ಲಿ ಮೊದಲನೇ ಸಲ ಅದು ಬಾಯಿಂದ ಹೊರಬಿದ್ದಿತ್ತು. ಶಶಕ್ಕ ಬೈಯಬಹುದು, ಅಳಬಹುದು, ಎದ್ದು ಹೋಗು ಎನ್ನಬಹುದು ಎಂದು ಕಾದಳು. ಹಾಗೆ ಆಗಲಿ ಎಂದು ಆಸೆಪಟ್ಟಳು.

“ಅಯ್ಯೋ ಬಿಡೇ” ಎಂದಳು ಶಶಕ್ಕ. “ಅಷ್ಟಕ್ಕೆ ಯಾರಾದ್ರೂ ಮನಸ್ಸಿಗೆ ಹಚ್ಕಂತಾರಾ? ಮುದುಕರು ದಿನಕ್ಕೆ ನೂರು ಸಲ ಕರೀತಾರೆ. ಆದ್ರೆ ಇದೊಂದು ಬರೀಬ್ಯಾಡ ಮತ್ತೆ. ನಮ್ಮನೆ ಬಗ್ಗೆ ಜನ ಏನಂದ್ಕಂಡಾರು?” ಎಂದು ಎದ್ದು, ಹುಣಸೆಹಣ್ಣಿನ ಉಂಡೆಯೊಂದನ್ನು ಕವರಿಗೆ ಹಾಕಿ ಕೊಟ್ಟಳು.

ಬೀರೂರಿನಲ್ಲಿ ಇಳಿದಾಗ ಕಡೂರಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ಸಿಮೆಂಟಿನ ಬೆಂಚಿನ ಮೇಲೆ ಕೂತು ಮೊಬೈಲು ತೆಗೆದಳು. ಶಶಕ್ಕ ಕ್ಷಮಿಸಿದ ರೀತಿ ಅವಳ ಮೈಮೇಲೆ ಜಿಡ್ಡಿನ ಹಾಗೆ ಕೂತಿತ್ತು. ಬೈದಿದ್ದರೆ ಇಷ್ಟು ಹೇಸಿಗೆಯಾಗುತ್ತಿರಲಿಲ್ಲ. ಮಗಳ ಪತ್ರವನ್ನು ಪೂರ್ತಿ ಅಳಿಸಿ, ಒಂದೇ ಉಸಿರಿಗೆ ಬರೆದಳು:

‘ನಾನು ಪಂಕಜಾಕ್ಷಿ. ಲೈಬ್ರರಿಯಲ್ಲಿ ಕೆಲಸ. ಕಾದಂಬರಿ ನನ್ನ ಅತ್ತೆಯ ಕೊನೆಯ ಎರಡು ವರ್ಷದ್ದು. ನಿಮಗೆ ಇಷ್ಟವಾದ ಹದಿನಾಲ್ಕನೇ ಅಧ್ಯಾಯ ಸುಳ್ಳು. ಅವರು ಕರೆದಾಗ ನನಗೆ ಕೇಳಿಸಿತು. ನಾನು ಹೋಗಲಿಲ್ಲ. ಅವರ ಬಗ್ಗೆ ಬರೆಯುತ್ತಿದ್ದೆ. ಆಮೇಲೆ ಅವರು ಯಾರನ್ನೂ ಕರೆಯಲಿಲ್ಲ. ಇದನ್ನು ನಾನೇ ಯಾಕೆ ಬರೆಯಬೇಕು ಎಂದರೆ, ಆ ಕರೆ ಕೇಳಿದವಳು ನಾನೊಬ್ಬಳೇ. ನಾದಿನಿಯ ಒಪ್ಪಿಗೆ ಇದೆ.’

ಓದಿ ನೋಡಿದಳು. ‘ನನಗೆ ಕೇಳಿಸಿತು. ನಾನು ಹೋಗಲಿಲ್ಲ’ ಎಂಬಲ್ಲಿ ‘ನನಗೆ’, ‘ನಾನು’ ಎರಡೂ ಬೇಡವೇನೋ ಎನ್ನಿಸಿತು. ತೆಗೆದಳು. ‘ಕೇಳಿಸಿತು. ಹೋಗಲಿಲ್ಲ.’ ಈಗ ಪೆಟ್ಟು ಸರಿಯಾಗಿ ಬೀಳುತ್ತಿತ್ತು. ಚೆನ್ನಾಗಿದೆ ಎಂದುಕೊಂಡಳು; ಹಾಗೆಂದುಕೊಂಡದ್ದು ತಿಳಿದ ಕ್ಷಣ ನಾಲಿಗೆಯ ಬುಡದಲ್ಲಿ ಹುಳಿ ನೀರು ಒಸರಿತು. ಅತ್ತೆ ಗೋಡೆಗೆ ಕೈ ಒರೆಸಿದರು, ನಾನು ಅದರ ಲಯ ನೋಡುತ್ತಿದ್ದೇನೆ. ಸುಳ್ಳು ಬರೆದಾಗ ಸಿಕ್ಕಿದ ಸುಖವೇ ನಿಜ ಬರೆದಾಗಲೂ ಸಿಗುವುದಾದರೆ ಎರಡಕ್ಕೂ ಏನು ವ್ಯತ್ಯಾಸ? ಬಸ್ಸು ಬಂತು. ಜನ ನುಗ್ಗಿದರು. ಅವಳು ಎದ್ದು, ನಿಂತಲ್ಲೇ ಕಳಿಸುವ ಗುಂಡಿ ಒತ್ತಿದಳು, ಕಸ ಎಸೆದು ಕೈ ಕೊಡವಿದಂತೆ.

ಭಾನುವಾರ ಹನ್ನೆರಡರ ಹೊತ್ತಿಗೆ ಮೇಧಾ ಮೇಡಂ ತಾವಾಗಿಯೇ ಫೋನು ಮಾಡಿದರು. “ಪಂಕಜಾಕ್ಷಿ ಅವರೇ, ಪತ್ರ ಓದಿ ನಂಗೆ ಮೈ ಜುಮ್ ಅಂತು. ಇದೇ ರೀ ನಿಮ್ಮ ಪುಸ್ತಕ! ಹದಿನಾಲ್ಕನೇದು ಕಿತ್ತಾಕಿ, ಇದನ್ನೇ ಮೊದಲನೇ ಅಧ್ಯಾಯ ಮಾಡಿ. ‘ಕೇಳಿಸಿತು, ಹೋಗಲಿಲ್ಲ’ ಅನ್ನೋದು ಸೀದಾ ಬ್ಯಾಕ್ ಕವರ್‌ಗೆ ಹೋಗಲಿ. ನಾನು ನಾಳೆನೇ ಪಬ್ಲಿಷರ್ ಹತ್ರ ಮಾತಾಡ್ತೀನಿ. ಫ್ಯಾಮಿಲಿದೇನೂ ಪ್ರಾಬ್ಲಂ ಇಲ್ಲ ತಾನೆ?” “ಇಲ್ಲ ಮೇಡಂ” ಎಂದಳು. ಫೋನಿಟ್ಟಾಗ ಎದುರಿಗೆ ಬೀರುವಿನ ಕನ್ನಡಿ. ಅದರೊಳಗಿನ ಹೆಂಗಸು ನಗುತ್ತಿದ್ದಳು. ಬಾಯಿ ಮುಚ್ಚಿಕೊಳ್ಳಲು ಕೈ ಎತ್ತಿದಳು. ಕೈಯಡಿಯಲ್ಲೂ ತುಟಿ ನಗುತ್ತಲೇ ಇತ್ತು. ಅತ್ತೆಯ ಆ ಮಧ್ಯಾಹ್ನ ಪುಸ್ತಕದ ಬೆನ್ನಿಗೆ ಅಂಟಿಕೊಂಡು ಅಂಗಡಿ ಅಂಗಡಿಗೆ ಹೋಗುತ್ತದೆ, ಗೊತ್ತಿಲ್ಲದವರು ಅದನ್ನು ಓದಿ ಪುಸ್ತಕ ಎತ್ತಿಕೊಳ್ಳುತ್ತಾರೆ. ಹಾಗಾಗಲಿ ಎಂದು ತನಗೆ ಆಸೆಯಿದೆ. ಈ ಆಸೆ ಎಲ್ಲಿಂದ ಹುಟ್ಟಿತೋ ಆ ಜಾಗವನ್ನು ಕಿತ್ತು ತೊಳೆಯಬೇಕೆನ್ನಿಸಿತು.

ರಾಜಶೇಖರ ಹಿತ್ತಲಿನ ನಲ್ಲಿಯ ಹತ್ತಿರ ಕೂತು ಕೈಯ ವಾರ್ನಿಷ್ ಉಜ್ಜುತ್ತಿದ್ದ. “ಏನಂತೆ ನಿನ್ ದಲ್ಲಾಳಿ?” ಎಂದ. “ಒಪ್ಕಂಡ್ರು” ಎಂದಳು. ಅವನ ಮುಖ ಅರಳಿದ್ದನ್ನು ಸಹಿಸಲಾಗದೆ ಮೊಬೈಲನ್ನು ಮುಂದೆ ಹಿಡಿದಳು. “ಮೊದ್ಲು ಇದನ್ನ ಓದಿ. ಓದಿ ಆಮೇಲೆ ಏನ್ ಬೇಕಾದ್ರೂ ಅನ್ನಿ.” ಅವನು ಒದ್ದೆ ಕೈಯನ್ನು ಲುಂಗಿಗೆ ಒರೆಸಿ ಇಸಿದುಕೊಂಡ. ಬಿಸಿಲಿಗೆ ಬೆನ್ನು ಮಾಡಿ, ತುಟಿ ಅಲ್ಲಾಡಿಸುತ್ತ ನಿಧಾನವಾಗಿ ಓದಿದ. ಮುಗಿಸಿ ಮತ್ತೆ ಮೇಲಿಂದ ಓದಿದ. ಪಂಕಜಾಕ್ಷಿ ನಲ್ಲಿಯ ಕೆಳಗಿನ ಸೋಪಿನ ನೊರೆ ನೋಡುತ್ತ ನಿಂತಳು. ಹೊಡೆದರೂ ಹೊಡೆಯಲಿ ಎಂದುಕೊಂಡಳು. ಇಪ್ಪತ್ತೈದು ವರ್ಷದಲ್ಲಿ ಅವನು ಒಮ್ಮೆಯೂ ಕೈಯೆತ್ತಿದವನಲ್ಲ.

“ನೀನೊಬ್ಳೇ ಅಂತ ಬರ್ದಿದೀಯಲ್ಲ” ಎಂದ.

“ಹೂಂ.”

“ಅವತ್ತು ನಾನು ಮನೇಲಿದ್ದೆ.”

ಅವಳಿಗೆ ಅರ್ಥವಾಗಲಿಲ್ಲ. “ನೀವು ಅಂಗಡೀಲಿದ್ರಿ ಕಣ್ರೀ. ಆರು ಗಂಟೆಗೆ ಬಂದ್ರಿ.”

“ಅದು ಎರಡನೇ ಸಲ ಬಂದಿದ್ದು. ಅವತ್ತು ಬರಬೇಕಾಗಿದ್ದ ಮೋಟಾರು ಬರ್ಲಿಲ್ಲ, ನಾಕು ಗಂಟೆಗೇ ಬಾಗ್ಲಾಕ್ಕಂಡು ಬಂದಿದ್ದೆ. ಚಪ್ಲಿ ಬಿಡ್ತಾ ಇದ್ದೆ, ಅವ್ವ ನಿನ್ನ ಕೂಗ್ತು. ನನ್ ಮೂಗಿಗೂ ಬಡೀತು. ನೀನು ಎದ್ದು ಹೋಗ್ತೀಯ ಅಂತ ನಡುಮನೇಲಿ ನಿಂತೆ. ಎರಡನೇ ಸಲ ಕೂಗ್ತು. ನೀನು ಹೋಗ್ಲಿಲ್ಲ. ನಾನೂ ಹೋಗ್ಲಿಲ್ಲ.” ಅವನು ಮಾತು ನಿಲ್ಲಿಸಿ, ಉಗುರಿನ ಸಂದಿಯ ಕಪ್ಪನ್ನು ಕೆರೆದ. “ಅವ್ವನ ಮಂಚದಿಂದ ನಡುಮನೆ ಕಾಣ್ತದೆ. ಮೂರನೇ ಸಲ ಕೂಗ್ತು. ಮೆತ್ತಗೆ. ಅದು ನಿನಗೆ ಕೇಳ್ಸಿರಲ್ಲ. ಅದು ನಿನ್ ಹೆಸ್ರಲ್ಲ. ರಾಜಾ ಅಂತು.”

“ನೀವೇನ್ ಮಾಡಿದ್ರಿ?”

“ಚಪ್ಲಿ ಹಾಕ್ಕಂಡು ಆಚೆ ಹೋದೆ.”

ನೀರು ಸುರಿಯುತ್ತಲೇ ಇತ್ತು. ಯಾರೂ ನಲ್ಲಿ ನಿಲ್ಲಿಸಲಿಲ್ಲ. ಸುಮಾರು ನಾಲ್ಕು ವರ್ಷದಿಂದ ಅತ್ತೆಯ ಆ ಮೌನವನ್ನು ಅವಳು ತನ್ನದೆಂದೇ ಹೊತ್ತು ತಿರುಗಿದ್ದಳು. ಅದರ ಭಾರದಲ್ಲಿ ಗುಟ್ಟಾದ ಒಂದು ಹಿರಿಮೆಯೂ ಇತ್ತೆಂದು ಅದು ಕೈಜಾರುತ್ತಿರುವಾಗ ಗೊತ್ತಾಯಿತು. ಅತ್ತೆ ಕರೆಯುವುದನ್ನು ಬಿಟ್ಟದ್ದು ಯಾರ ದೆಸೆಯಿಂದ ಎಂದು ಇನ್ನು ಯಾವತ್ತೂ ತಿಳಿಯುವ ಹಾಗಿಲ್ಲ. ಗಂಡನನ್ನು ನೋಡಿದಳು. ಹೇಸಿಗೆಯಾಯಿತು. ಎದುರಿಗಿದ್ದವನ ಮೇಲೋ ತನ್ನ ಮೇಲೋ ಬಿಡಿಸಿ ಹೇಳಲಾಗದಂಥ ಹೇಸಿಗೆ. ಮದುವೆಯಾದಾಗಿನಿಂದ ಅವನು ಇಷ್ಟು ಹತ್ತಿರದವನೆಂದು ಅವಳಿಗೆ ಯಾವತ್ತೂ ಅನ್ನಿಸಿರಲಿಲ್ಲ.

“ಇದನ್ನೂ ಬರೀತೀಯಾ?” ಎಂದ ಅವನು.

ಇಲ್ಲ ಎನ್ನಬಹುದಿತ್ತು. ಅವನು ಅದನ್ನು ನಂಬುತ್ತಿದ್ದ. “ಬರೀತೀನಿ” ಎಂದಳು.

ಅವನು ತಲೆಯಾಡಿಸಿದ. ಮೊಬೈಲನ್ನು ಅವಳ ಕೈಗೆ ಕೊಟ್ಟು, “ಬರಿ. ಹೆಸ್ರು ಮಾತ್ರ ಬದಲಾಯಿಸ್ಬ್ಯಾಡ” ಎಂದು, ಮತ್ತೆ ಕೂತು ಕೈ ಉಜ್ಜತೊಡಗಿದ.

ಅವಳು ಒಳಗೆ ಬಂದು, ನಿಂತುಕೊಂಡೇ ಮೇಧಾ ಮೇಡಂಗೆ ಟೈಪು ಮಾಡಿದಳು. ‘ಮೇಡಂ, ನಿನ್ನೆಯ ಪತ್ರವನ್ನು ಯಾರಿಗೂ ತೋರಿಸಬೇಡಿ. ಅದರಲ್ಲಿ ಒಬ್ಬರು ಬಿಟ್ಟುಹೋಗಿದ್ದಾರೆ.’ ಈ ಸಲ ಓದಿ ನೋಡದೆ ಕಳಿಸಿದಳು.